ಒಬ್ಬರಿಗೆ ತಿಂಗಳಿಗೆ ಎಷ್ಟು ಬೇಕು

ಕೌಂಟರಿನ ಆಚೆ ನಿಂತಿದ್ದ ಹೆಂಗಸು ಪಾರ್ಸೆಲ್ ಬಿಡಿಸಿಕೊಳ್ಳಲು ಬಂದವಳೆಂದು ಹರಿನಾರಾಯಣ ತಿಳಿದ. ವಿಲ್ಲಿಂಗ್ಡನ್ ಐಲ್ಯಾಂಡಿನ ಆ ಕಸ್ಟಮ್ಸ್ ಆಫೀಸಿಗೆ ಹೆಂಗಸರು ಬರುವುದೇ ಅಪರೂಪ. ಬಂದರೆ ಸಿಲೋನಿನಿಂದಲೋ ಸಿಂಗಪುರದಿಂದಲೋ ಗಂಡ ಕಳಿಸಿದ ಪೆಟ್ಟಿಗೆಗಾಗಿಯೇ ಬರುತ್ತಿದ್ದರು.

"ರಸೀದಿ ಎವಿಡೆ?" ಎಂದು ತನ್ನ ಮುರುಕು ಮಲಯಾಳಂನಲ್ಲಿ ಕೇಳಿದ.

"ರಸೀದಿ ಇಲ್ಲ. ಒರಾಳೆ ಕಾಣಣಂ," ಎಂದಳು. ಒಬ್ಬರನ್ನು ನೋಡಬೇಕಂತೆ. ಅವಳ ಮಲಯಾಳಂ ಅವನದಕ್ಕಿಂತ ಒಂದು ಗುಲಗಂಜಿ ತೂಕ ಮೇಲಿತ್ತು, ಅಷ್ಟೆ.

"ರಸೀದಿ ಇಲ್ಲಾತೆ ಪೆಟ್ಟಿ ಕಿಟ್ಟಿಲ್ಲ." ರಸೀದಿ ಇಲ್ಲದೆ ಪೆಟ್ಟಿಗೆ ಸಿಗದು ಎಂದ.

"ಪೆಟ್ಟಿ ವೇಂಡ."

ಹರಿನಾರಾಯಣ ಪೆನ್ನು ಕೆಳಗಿಟ್ಟು, ಯಾರಿಗೂ ಅರ್ಥವಾಗದು ಎಂಬ ಧೈರ್ಯದಲ್ಲಿ ಗೊಣಗಿಕೊಂಡ: "ಪೆಟ್ಟಿಗೆ ಬೇಡವಂತೆ. ಮತ್ತೆ ಯಾತಕ್ಕಮ್ಮ ಬಂದೆ ನನ್ನ ತಲೆ ತಿನ್ನೋಕೆ?"

ಆ ಹೆಂಗಸು ಒಂದು ಕ್ಷಣ ಕಣ್ಣರಳಿಸಿ ನೋಡಿದಳು. ಆಮೇಲೆ ಸೆರಗಿನ ಅಂಚನ್ನು ತುಟಿಗೆ ಒತ್ತಿಕೊಂಡಳು. ನಗು ಆ ಅಂಚನ್ನೂ ದಾಟಿ ಹೊರಗೆ ಬಂತು.

"ನಿಮ್ಮನ್ನೇ ನೋಡ್ಲಿಕ್ಕೆ ಬಂದದ್ದು ಮಾರಾಯ್ರೆ. ಹರಿನಾರಾಯಣ ಅಂದ್ರೆ ನೀವೇ ಅಲ್ವಾ? ಈ ದ್ವೀಪದಲ್ಲಿ ಕನ್ನಡದಲ್ಲಿ ಬಯ್ಯುವವರು ಇನ್ನು ಯಾರುಂಟು?"

ಹರಿನಾರಾಯಣನ ಕಿವಿ ಕೆಂಪಾಯಿತು. ನಾಚಿಕೆಗೆ ಅರ್ಧ, ಇನ್ನರ್ಧ ಯಾಕೆಂದು ಅವನಿಗೆ ಆಗ ತಿಳಿಯಲಿಲ್ಲ. ಎದುರಿಗೆ ನಿಂತವರ ಬಾಯಿಂದ ಕನ್ನಡ ಕೇಳಿ ಅವನಿಗೆ ಐದು ತಿಂಗಳಾಗಿತ್ತು.

ಅವಳು ಕುಸುಮಾವತಿ, ಕಾಸರಗೋಡಿನವಳು. ತಿರುವನಂತಪುರದ ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವ ಕೆಲಸ. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಅವಳ ಊರು ಕೇರಳಕ್ಕೆ ಬಂತು. ಊರಿನ ದಫ್ತರದ ಜೊತೆ ಅವಳೂ ಇಲ್ಲಿಗೆ ಬಂದಳು. ಎರ್ನಾಕುಲಂನಲ್ಲಿರುವ ಚಿಕ್ಕಮ್ಮನ ಮಗಳು ದಾಕ್ಷಾಯಣಿಯ ಮನೆಗೆಂದು ಹೊರಟವಳ ಕೈಯಲ್ಲಿ, ಹರಿನಾರಾಯಣನ ಶಾಲೆಯ ಗೆಳೆಯ, ತಿರುವನಂತಪುರದ ಬ್ಯಾಂಕೊಂದರಲ್ಲಿದ್ದ ವಿಠಲ ಒಂದು ಚೀಟಿ ಕೊಟ್ಟು ಕಳಿಸಿದ್ದ.

"ಮೈಸೂರು ರಾಜ್ಯಕ್ಕೆ ಹೋಗುವವರು ಏಪ್ರಿಲ್ ಮೂವತ್ತರ ಒಳಗೆ ಅರ್ಜಿ ಕೊಡಬೇಕಂತೆ. ಹಾಕಿದರೆ ಬೆಂಗಳೂರು ಸಿಗ್ತದೆ ಅಂತ ಹೇಳ್ತಾರೆ. ನಾನು ಆ ಊರು ಕಂಡವಳಲ್ಲ. ನೀವು ಅಲ್ಲಿಯವರು. ಸುಮ್ಮನೆ ಹೇಳಿ, ಒಬ್ಬಳು ಹೆಂಗಸಿಗೆ ಅಲ್ಲಿ ಮರ್ಯಾದೆಯಲ್ಲಿ ಬದುಕ್ಲಿಕ್ಕೆ ತಿಂಗಳಿಗೆ ಎಷ್ಟು ಬೇಕು?"

ಹೆಂಗಸರು ಹೀಗೆ ನೆಟ್ಟಗೆ ಕೇಳುವುದನ್ನು ಅವನು ಕಂಡಿರಲಿಲ್ಲ. ಪ್ರಶ್ನೆ ಕೇಳಿ ಅವಳು ಕತ್ತು ಒಂದಿಷ್ಟು ಓರೆಮಾಡಿ ಉತ್ತರಕ್ಕೆ ಕಾದಳು. ಹಣೆಯ ಕುಂಕುಮ ಬೋಟಿನ ಗಾಳಿಗೋ ಬೆವರಿಗೋ ಒಂದು ಬದಿಗೆ ಚೂರು ಕರಗಿತ್ತು.

"ಬಾಡಿಗೆಗೇ ಮೂವತ್ತೈದು ಆಗುತ್ತೆ," ಎಂದ ಹರಿನಾರಾಯಣ.

ಇಪ್ಪತ್ತು ಎನ್ನಲು ಬಾಯಿ ತೆರೆದಿದ್ದ. ಮೂವತ್ತೈದು ಎಂದು ಬಂತು.

"ಮೂವತ್ತೈದಾ! ನನಗೆ ಬರುವುದೇ ನೂರ ಹದಿನೈದು." ಅವಳ ಮುಖ ಸಣ್ಣದಾಯಿತು. "ಕುಚ್ಚಲಕ್ಕಿ ಉಂಟಾ ಅಲ್ಲಿ?"

"ಇಲ್ಲ ಕಣ್ರೀ."

"ತೆಂಗಿನಕಾಯಿ?"

"ಇದೆ. ಆದರೆ ಕೈಗೆ ಎಟುಕೋ ಬೆಲೆ ಅಲ್ಲ."

"ಇದೆ," ಎಂದು ಅವಳು ಮೆಲ್ಲಗೆ ಅಣಕಿಸಿದಳು. "ನೀವು ‘ಇದೆ’ ಅಂತೀರಿ, ನಾವು ‘ಉಂಟು’ ಅಂತೇವೆ. ಅಲ್ಲಿ ಹೋದರೆ ನನ್ನನ್ನು ನೋಡಿ ನಗಾಡ್ತಾರೋ ಏನೋ."

"ನಗೋರೇ ಜಾಸ್ತಿ," ಎಂದ ಹರಿನಾರಾಯಣ. ಅವಳ ‘ಉಂಟು’ ಅವನ ಕಿವಿಯಲ್ಲಿ ಇನ್ನೂ ಇತ್ತು. ಅದಕ್ಕಿಂತ ಚೆಂದದ ಮಾತನ್ನು ಅವನು ಈಚೆಗೆ ಕೇಳಿರಲಿಲ್ಲ.

ವಿವರವಾಗಿ ಬರೆದು ಕಳಿಸುತ್ತೇನೆಂದು ಹೇಳಿ ಅವಳ ವಿಳಾಸ ತೆಗೆದುಕೊಂಡ. ಜೆಟ್ಟಿಯವರೆಗೆ ಜೊತೆಗೇ ಹೋದ. ಬೋಟು ಎರ್ನಾಕುಲಂ ಕಡೆಗೆ ತಿರುಗಿ, ಅವಳ ನೀಲಿ ಸೀರೆ ಉಳಿದವರ ಬಿಳಿ ಮುಂಡುಗಳ ನಡುವೆ ಒಂದು ಚುಕ್ಕೆಯಾಗಿ, ಆ ಚುಕ್ಕೆಯೂ ಹೋದ ಮೇಲೆ ಆಫೀಸಿಗೆ ಮರಳಿದ.

ಅವನಿಗೆ ಬೆಂಗಳೂರಿನ ಬೆಲೆ ನಿಜವಾಗಿ ಗೊತ್ತಿರಲಿಲ್ಲ. ಆ ಊರು ಬಿಟ್ಟು ಆರು ವರ್ಷವಾಗಿತ್ತು. ಮಲ್ಲೇಶ್ವರದ ಮನೆಯೊಂದರಲ್ಲಿ ಹೆಂಡತಿ ಸುಶೀಲ ಹನ್ನೊಂದು ದಿನದ ಜ್ವರದಲ್ಲಿ ತೀರಿಕೊಂಡಿದ್ದಳು. ತಿಂಗಳು ತುಂಬುವ ಮೊದಲೇ ಅವನು, ಎಲ್ಲಾದರೂ ಸರಿ, ದೂರ ಹಾಕಿ ಎಂದು ವರ್ಗ ಕೇಳಿ ಕೊಚ್ಚಿಗೆ ಬಂದ. ಅವನ ಆಫೀಸಿನಿಂದ ಕೂಗಳತೆಯ ಹಾರ್ಬರ್ ಟರ್ಮಿನಸ್ಸಿನಿಂದ ದಿನವೂ ಬೆಂಗಳೂರಿನ ರೈಲು ಹೊರಡುತ್ತಿತ್ತು. ಅದರ ಕೂಗು ಕೇಳಿದಾಗಲೆಲ್ಲ ಅವನು ಕೈಯಲ್ಲಿದ್ದ ಕಾಗದವನ್ನು ಇನ್ನೊಂದು ಸಲ ಮೊದಲಿಂದ ಓದುತ್ತಿದ್ದ. ಆರು ವರ್ಷದಲ್ಲಿ ಒಂದು ದಿನವೂ ಆ ರೈಲು ಹತ್ತಿರಲಿಲ್ಲ.

ಆದರೂ ಕಾಗದ ಬರೆದ. ನಲ್ಲಿಯ ನೀರಿಗೆ ಬೆಳಗಿನ ನಾಲ್ಕಕ್ಕೆ ಎದ್ದು ಸಾಲು ನಿಲ್ಲಬೇಕೆಂದು ಬರೆದ. ಚಳಿಗೆ ಉಣ್ಣೆ ಬಟ್ಟೆಯ ಖರ್ಚು ಬೇರೆ ಎಂದು ಬರೆದ. ಒಂಟಿ ಹೆಂಗಸಿಗೆ ಮನೆ ಕೊಡುವವರು ಹತ್ತು ತಿಂಗಳ ಮುಂಗಡ ಕೇಳುತ್ತಾರೆಂದೂ ಬರೆದ. ಪ್ರತಿ ಸಾಲೂ ನಿಜದಿಂದ ಹುಟ್ಟಿ ಒಂದು ಗೇಣು ಹೆಚ್ಚು ಬೆಳೆದಿತ್ತು.

ಕುಸುಮಾವತಿ ಉತ್ತರ ಬರೆದಳು. ಅವಳ ಅಕ್ಷರ ದುಂಡಗೆ, ನೇರ. ತಿರುವನಂತಪುರದ ಕರಮನ ಎಂಬಲ್ಲಿ ನಿವೃತ್ತ ಟೀಚರಮ್ಮ ಒಬ್ಬರ ಮನೆಯ ಹಿಂಬದಿ ಕೋಣೆಗೆ ತಾನು ಹನ್ನೆರಡು ರೂಪಾಯಿ ಕೊಡುವುದಾಗಿಯೂ, ಟೀಚರಮ್ಮ ಒಳ್ಳೆಯವರಾದರೂ ಕೇಳಿದ್ದನ್ನೇ ಮೂರು ಸಲ ಕೇಳುವುದಾಗಿಯೂ ತಿಳಿಸಿದ್ದಳು. ಕೊನೆಗೆ, "ದಿನವಿಡೀ ಕನ್ನಡ ಓದುವುದು ನಾನು. ಆದರೆ ಒಂದು ಮಾತು ಕನ್ನಡ ಆಡಬೇಕಿದ್ದರೆ ಬಾವಿಯ ಹತ್ತಿರ ಹೋಗಿ ಒಬ್ಬಳೇ ಆಡಬೇಕು," ಎಂದಿತ್ತು.

ಆ ಸಾಲನ್ನು ಹರಿನಾರಾಯಣ ಎಷ್ಟು ಸಲ ಓದಿದನೋ. ಕಾಗದದ ಮಡಿಕೆ ಅಲ್ಲಿಯೇ ಹರಿಯಿತು.

ಮಾರ್ಚಿನಲ್ಲಿ ಆಫೀಸಿನ ಕೆಲಸದ ನೆಪ ಹಿಡಿದು ಅವನು ತಿರುವನಂತಪುರಕ್ಕೆ ಹೋದ. ಕೊಟ್ಟಾಯಂ ದಾರಿಯ ರೈಲು ಆ ವರ್ಷವಷ್ಟೇ ಕೊಲ್ಲಂ ಸೇರಿತ್ತು. ಗಾಡಿಯಲ್ಲಿ ಇನ್ನೂ ಹೊಸ ಬಣ್ಣದ ವಾಸನೆ. ಕುಸುಮಾವತಿ ಅವನನ್ನು ನೇರ ಚಾಲೈ ಬಜಾರಿಗೆ ಕರೆದುಕೊಂಡು ಹೋದಳು.

"ಬೆಂಗಳೂರಿನದ್ದು ನೀವು ಹೇಳಿದಿರಿ. ಇಲ್ಲಿಯದ್ದು ಕಣ್ಣಾರೆ ನೋಡಿ. ಆಮೇಲೆ ನನಗೆ ಬುದ್ಧಿ ಹೇಳಿ."

ಆ ಇಕ್ಕಟ್ಟಿನ ಬೀದಿಯಲ್ಲಿ ಅವಳು ಮುಂದೆ, ಅವನು ಹಿಂದೆ. ಮೆಣಸಿನ ಮೂಟೆಯ ಘಾಟು, ಎತ್ತಿನ ಗಾಡಿ, ಹಗ್ಗದಲ್ಲಿ ತೂಗುವ ನೇಂದ್ರ ಬಾಳೆಗೊನೆ. ಅವಳು ತೆಂಗಿನಕಾಯಿ ಅಂಗಡಿಯವನೊಡನೆ ಚೌಕಾಸಿಗೆ ನಿಂತಳು. ಮಲಯಾಳಂ ಸಾಲದ ಕಡೆ ತುಳು, ತುಳು ಸಾಲದ ಕಡೆ ಹುಬ್ಬು. ಅಂಗಡಿಯವನು ಸೋತು ನಕ್ಕು ಎರಡು ಕಾಯಿ ಹೆಚ್ಚು ಹಾಕಿದ.

"ನೋಡಿದಿರಾ? ಬೆಂಗಳೂರಲ್ಲಿ ಹೀಗೆ ಆಗ್ತದಾ?"

"ಆಗಲ್ಲ," ಎಂದ. "ಅಲ್ಲಿ ಇಷ್ಟು ಚೆನ್ನಾಗಿ ಜಗಳ ಆಡೋರು ಯಾರೂ ಇಲ್ಲ."

ಅವಳು ತಿರುಗಿ ನೋಡಿದಳು. ಕಣ್ಣಿನ ತುದಿಯಲ್ಲಿ ನಗು ಕೂತಿತ್ತು, ಆದರೆ ಅವಳು ಅದನ್ನು ಇಳಿಯಗೊಡಲಿಲ್ಲ. "ಚೀಲ ಹಿಡ್ಕೊಳ್ಳಿ," ಎಂದಳು.

ಚೀಲದ ಒಂದು ಕಿವಿ ಅವನು, ಇನ್ನೊಂದು ಅವಳು ಹಿಡಿದು ಬೀದಿಯ ಕೊನೆಯವರೆಗೆ ನಡೆದರು. ಅಲ್ಲಿ ಒಂದು ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತು ಅವಳು ಕೇಳಿದಳು, "ನಿಮ್ಮ ಮನೆಯವರು?"

ಅವನು ಹೇಳಿದ. ಜ್ವರದ ಹನ್ನೊಂದು ದಿನಗಳನ್ನೂ ಹೇಳಿದ. ಈ ಆರು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳು ತನ್ನ ನಿಂಬೆ ಸೋಡಾವನ್ನು ಅವನ ಕಡೆಗೆ ಸರಿಸಿ, "ನಿಮ್ಮದು ಖಾಲಿಯಾಯಿತು," ಎಂದಳಷ್ಟೆ.

ಆಮೇಲೆ ಅವಳೇ ಹೇಳಿದಳು, "ನಾನು ಅರ್ಜಿ ಹಾಕುವುದಿಲ್ಲ ಅಂತ ತೀರ್ಮಾನ ಮಾಡಿದೆ."

ಹರಿನಾರಾಯಣನ ಎದೆ ಹಗುರಾಗಿ ಹಾರಿತು. ಅವಳು ಮುಂದುವರಿಸುವವರೆಗೆ ಮಾತ್ರ.

"ನೀವು ಬರೆದದ್ದು ನೋಡಿ ಸಂಬಳ ಸಾಲುವುದಿಲ್ಲ ಅಂತ ಗೊತ್ತಾಯಿತು. ಇಲ್ಲೇ ಹೇಗಾದರೂ ಕಳೆಯುವುದು. ನಮ್ಮ ವಿಭಾಗದಲ್ಲಿ ಕನ್ನಡದ ಕಾಗದ ಮುಗಿಯುತ್ತಾ ಬಂತು. ಮುಂದಿನ ತಿಂಗಳಿಂದ ನನ್ನನ್ನು ಡೆಸ್ಪ್ಯಾಚಿಗೆ ಹಾಕ್ತಾರೆ. ಲಕೋಟೆ ಅಂಟಿಸುವುದು, ನಂಬರು ಬರೆಯುವುದು. ಮಲಯಾಳಂ ಪರೀಕ್ಷೆ ಒಂದು ಸಲ ಫೇಲಾಯಿತು. ನಾನು ಬಿ.ಎ. ಓದಿದ್ದು ಇದಕ್ಕಾ ಅಂತ ಒಮ್ಮೊಮ್ಮೆ ಅನಿಸ್ತದೆ. ಆದರೆ ಎಂತ ಮಾಡುವುದು? ಅಲ್ಲಿ ಹೋಗಿ ಉಪವಾಸ ಬೀಳ್ಲಿಕ್ಕೆ ಆಗ್ತದಾ? ನೀವು ಇಷ್ಟು ಕಷ್ಟಪಟ್ಟು ಬರೆದು ತಿಳಿಸದಿದ್ದರೆ ನಾನು ಹೋಗಿ ಬೀಳ್ತಿದ್ದೆ."

ಅವಳು ಕೃತಜ್ಞತೆಯಿಂದ ನಕ್ಕಳು. ಆ ನಗುವಿನ ಎದುರು ಅವನಿಗೆ ಕೂತಿರಲಾಗಲಿಲ್ಲ.

ಮರಳುವ ರೈಲಿನಲ್ಲಿ ಕಿಟಕಿಯಾಚೆ ತೆಂಗಿನ ಸಾಲು ಮುಗಿಯದೆ ಓಡುತ್ತಿತ್ತು. ತನ್ನ ಕಿವಿಗೆ ಕನ್ನಡ ಬೇಕೆಂದು ಅವಳ ಬಾಳನ್ನು ಡೆಸ್ಪ್ಯಾಚಿನ ಮೂಲೆಗೆ ನೂಕಿದೆನಲ್ಲಾ ಎಂದು ಹರಿನಾರಾಯಣ ಆ ದಾರಿಯುದ್ದಕ್ಕೂ ತನ್ನನ್ನು ತಾನೇ ಸುಟ್ಟುಕೊಂಡ. ತಪ್ಪಾಗಿದೆ ಎಂದು ಒಂದು ಕಾರ್ಡು ಬರೆದರೆ ಸಾಕಿತ್ತು. ಆದರೆ ಸರಿ ಯಾವುದೆಂದು ಅವನಿಗೇ ತಿಳಿಯದು. ತಿಳಿಯಬೇಕಾದರೆ ಹೋಗಿಯೇ ನೋಡಬೇಕು.

ಏಪ್ರಿಲ್ ನಾಲ್ಕನೇ ವಾರ ಅವನು ಐದು ದಿನ ರಜೆ ಹಾಕಿ ಬೆಂಗಳೂರಿನ ರೈಲು ಹತ್ತಿದ.

ಮೊದಲ ದಿನ ಬೆಳಗ್ಗೆ ಅವನ ಕಾಲುಗಳು ತಾವಾಗಿ ಮಲ್ಲೇಶ್ವರದ ಆ ಬೀದಿಗೆ ಹೋದವು. ಮನೆಗೆ ಹಸಿರು ಬಣ್ಣ ಹೊಡೆದಿದ್ದರು. ಜಗಲಿಯಲ್ಲಿ ಯಾರೋ ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ಅವನು ಗೇಟಿನ ಮುಂದೆ ನಿಂತ. ಬಿದ್ದುಬಿಡುತ್ತೇನೆಂದು ಆರು ವರ್ಷ ಹೆದರಿದ್ದ. ಬೀಳಲಿಲ್ಲ. ಕಣ್ಣು ತುಂಬಿ, ಒರೆಸಿಕೊಂಡ ಮೇಲೆ ಮನೆ ಮನೆಯಾಗಿಯೇ ಕಂಡಿತು. "ಯಾರು ಬೇಕಪ್ಪ?" ಎಂದಳು ಅಜ್ಜಿ.

"ಇಲ್ಲೆಲ್ಲಾದರೂ ಒಬ್ಬರಿಗೆ ಬಾಡಿಗೆ ಕೋಣೆ ಸಿಗುತ್ತಾ ಅಮ್ಮ?" ಎಂದು ಕೇಳಿದ.

ಮೂರು ದಿನ ಇದೇ ಪ್ರಶ್ನೆ. ಒಂಟಿ ಹೆಂಗಸು ಎಂದಾಗ ನಾಲ್ಕು ಮನೆಯವರು ಬಾಗಿಲು ಹಾಕಿಕೊಂಡರು. ಐದನೆಯದು ಶೇಷಾದ್ರಿಪುರದಲ್ಲಿ, ಯಜಮಾನಿ ವಿಜಯಾ ಪ್ರೈಮರಿ ಶಾಲೆಯ ಮೇಡಂ. ಒಂದು ಕೋಣೆ, ಒಂದು ಗೂಡಿನಂಥ ಅಡಿಗೆಮನೆ, ಹಿತ್ತಲಲ್ಲೇ ನಲ್ಲಿ. ಹದಿನೆಂಟು ರೂಪಾಯಿ, ಮೂರು ತಿಂಗಳ ಮುಂಗಡ. "ಕೆಲಸಕ್ಕೆ ಹೋಗೋ ಹುಡುಗೀನಾ? ಬರಲಿ, ನನಗೂ ಜೊತೆಯಾಗುತ್ತೆ," ಎಂದರು ಮೇಡಂ. ಬಳೇಪೇಟೆಯ ಸಂದಿಯಲ್ಲಿ ಮಂಗಳೂರಿನವರ ಅಂಗಡಿಯೊಂದರಲ್ಲಿ ಕುಚ್ಚಲಕ್ಕಿಯೂ ಸಿಕ್ಕಿತು. ಅಂಗಡಿಯವನು "ಎಷ್ಟು ಸೇರು ಬೇಕು ಮಾರಾಯ್ರೆ?" ಎಂದಾಗ ಹರಿನಾರಾಯಣ ಬೆಲೆಯನ್ನು ಎರಡು ಸಲ ಕೇಳಿ ಬರೆದುಕೊಂಡ.

ಏಪ್ರಿಲ್ ಇಪ್ಪತ್ತೊಂಬತ್ತರ ಮಧ್ಯಾಹ್ನ ಅವನು ತಿರುವನಂತಪುರದ ಅವಳ ಕಚೇರಿಯ ಬಾಗಿಲಲ್ಲಿದ್ದ. ಇಬ್ಬರೂ ಸ್ಟ್ಯಾಚ್ಯೂ ಜಂಕ್ಷನ್ ಹತ್ತಿರದ ಕಾಫಿ ಹೋಟೆಲಿನಲ್ಲಿ ಕೂತರು. ಅವನು ಒಂದೊಂದಾಗಿ ಹೇಳಿದ: ಬಾಡಿಗೆ, ನೀರು, ಸೌದೆ, ಅಕ್ಕಿ, ಬಸ್ಸು. ನಿಮ್ಮ ಸಂಬಳದಲ್ಲಿ ತಿಂಗಳ ಕೊನೆಗೆ ಇಪ್ಪತ್ತು ಉಳಿಯುತ್ತದೆ ಎಂದ. ಮೇಡಂ ಬರೆದುಕೊಟ್ಟ ವಿಳಾಸ ಮೇಜಿನ ಮೇಲಿಟ್ಟ.

ಕುಸುಮಾವತಿ ಚೀಟಿಯನ್ನೂ ಅವನನ್ನೂ ನೋಡಿದಳು. "ಹಾಗಾದರೆ ಮೊದಲು ಬರೆದದ್ದು?"

"ಸುಳ್ಳು."

"ಎಲ್ಲವೂ?"

"ಬಹುಪಾಲು."

ಕಾಫಿಯ ಮೇಲೆ ಕೆನೆ ಕಟ್ಟಿತು. ಅವಳು ಮುಟ್ಟಲಿಲ್ಲ. "ಯಾಕೆ?" ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಅವನು ತುಟಿ ನೋಡಿ ತಿಳಿದುಕೊಂಡ.

"ನೀವು ಹೋಗಿಬಿಡ್ತೀರಿ ಅಂತ. ನಿಮ್ಮ ಕಾಗದ ಬರೋದು ನಿಂತುಹೋಗುತ್ತೆ ಅಂತ. ಮೊದಲನೇ ದಿನದಿಂದಲೇ ನನಗೆ ನಿಮ್ಮ ಮೇಲೆ..." ಅವನು ತಡವರಿಸಿದ. "ನನಗೆ ನೀವು ಬೇಕಾಗಿದ್ದೀರಿ ಕುಸುಮಾವತಿಯವರೇ. ಆದರೆ ಹೀಗಲ್ಲ. ಲಕೋಟೆ ಅಂಟಿಸ್ತಾ ಕೂತ ನಿಮ್ಮನ್ನ ನೋಡೋಕೆ ನನ್ನಿಂದ ಆಗಲ್ಲ. ಹೋಗಿ. ನಾಳೆ ಕೊನೇ ದಿನ."

ಅವಳ ಕಣ್ಣುಗಳು ತುಂಬಿದವು. ಸಿಟ್ಟಿಗೋ ಬೇರೆ ಯಾವುದಕ್ಕೋ ಅವನಿಗೆ ತಿಳಿಯಲಿಲ್ಲ.

"ತೂಕದಲ್ಲಿ ಮೋಸ ಮಾಡಿದರೆ ಅಂಗಡಿಯವನ ಹತ್ತಿರ ಜಗಳ ಮಾಡ್ಲಿಕ್ಕೆ ನನಗೆ ಬರ್ತದೆ. ನಿಮ್ಮ ಹತ್ತಿರ ಹೇಗೆ ಮಾಡುವುದು ಹೇಳಿ?" ಎಂದು ಅವಳು ಎದ್ದಳು. ಚೀಟಿಯನ್ನು ಮಾತ್ರ ತೆಗೆದುಕೊಂಡಳು.

ಆಮೇಲೆ ನಾಲ್ಕು ತಿಂಗಳು ಒಂದು ಸಾಲೂ ಬರಲಿಲ್ಲ.

ಹರಿನಾರಾಯಣ ಬರೆಯಲಿಲ್ಲ. ಬರೆಯುವ ಹಕ್ಕು ತನಗಿಲ್ಲವೆಂದುಕೊಂಡ. ಬೆಳಗ್ಗೆ ಬೋಟು, ಸಂಜೆ ಬೋಟು, ನಡುವೆ ಪೆಟ್ಟಿಗೆಗಳು. ಮೊದಲಿನ ಒಂಟಿತನ ಅವನಿಗೆ ರೂಢಿಯಾಗಿತ್ತು. ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಕೂತಿತ್ತು. ಈಗಿನದು ನಡೆದಲ್ಲೆಲ್ಲ ಕಚ್ಚುತ್ತಿತ್ತು. ಭಾನುವಾರಗಳಂದು ಹಿನ್ನೀರಿನ ಅಂಚಿನಲ್ಲಿ ಕೂತು, ಚೀನೀ ಬಲೆಗಳು ನೀರಿಗಿಳಿದು ಏಳುವುದನ್ನು ನೋಡುತ್ತಿದ್ದ. ಒಂದು ದಿನ ತನ್ನಷ್ಟಕ್ಕೆ "ಉಂಟು" ಎಂದು ಹೇಳಿ ನೋಡಿದ. ಅವನ ಬಾಯಲ್ಲಿ ಅದು ಚೆನ್ನಾಗಿ ಬರಲಿಲ್ಲ.

ಓಣಂ ಮುಗಿದ ವಾರ ಕಾರ್ಡು ಬಂತು. ಆರ್ಡರ್ ಆಗಿದೆ, ಶುಕ್ರವಾರದ ರೈಲಿಗೆ ಹಾರ್ಬರ್ ಟರ್ಮಿನಸ್ಸಿನಿಂದ ಹೊರಡುತ್ತೇನೆ. ಬರುವುದಾದರೆ ಬನ್ನಿ.

ಶುಕ್ರವಾರ, ಕಳಿಸಿಕೊಡಲು ಬಂದ ಚಿಕ್ಕಮ್ಮನ ಮಗಳು ದಾಕ್ಷಾಯಣಿ, ಟ್ರಂಕು ಹೊತ್ತ ಕೂಲಿಯ ಹಿಂದೆ ಡಬ್ಬಿಯೊಳಗೆ ಹೋಗಿ, ಬೇಕೆಂದೇ ಹೊರಗೆ ಬರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಇವರಿಬ್ಬರೇ. ಕುಸುಮಾವತಿ ತೆಳ್ಳಗಾಗಿದ್ದಳು.

"ಸಿಟ್ಟು ಹೋಯಿತಾ?" ಎಂದ.

"ಎರಡು ತಿಂಗಳಿತ್ತು. ಮತ್ತೆ ಎರಡು ತಿಂಗಳು ಇಲ್ಲದ ಸಿಟ್ಟನ್ನು ಹಿಡಿದುಕೊಂಡು ಕೂತೆ." ಅವಳು ಅವನ ಅಂಗಿಯ ಗುಂಡಿಯನ್ನು ನೋಡುತ್ತ ಹೇಳಿದಳು. "ಆ ಊರಿಗೆ ಕಾಲಿಡಲಾರದವರು ನನ್ನ ಸಲುವಾಗಿ ಹೋಗಿ ಮನೆ ಮನೆ ಬಾಗಿಲು ತಟ್ಟಿದಿರಿ. ಸುಳ್ಳು ಹೇಳಿದ್ದನ್ನು ಮರೆಯುವುದಿಲ್ಲ. ಇದನ್ನೂ ಮರೆಯುವುದಿಲ್ಲ."

"ನಾನೂ ವರ್ಗ ಕೇಳಲಾ?"

ಅವಳು ತಲೆಯೆತ್ತಿದಳು. ಎಂಜಿನ್ನಿನ ಹೊಗೆ ಇಬ್ಬರ ನಡುವೆ ಹಾದು ಹೋಯಿತು.

"ಈ ಸಲ ಖರ್ಚು ನಾನು ಹೇಳ್ತೇನೆ, ಕೇಳಿ. ಬಂದರೆ ನಿಮ್ಮ ಸೀನಿಯಾರಿಟಿ ಹೋಗ್ತದೆ. ಕ್ವಾರ್ಟರ್ಸು ಹೋಗ್ತದೆ. ಮತ್ತೆ ಆ ಊರಲ್ಲಿ ನಿಮಗೆ ಪ್ರತಿ ಬೀದಿಯಲ್ಲೂ ಸುಶೀಲಕ್ಕ ಎದುರಾಗ್ತಾರೆ. ಅದಕ್ಕೆ ಎಷ್ಟು ಬೇಕು ಅಂತ ನನಗೆ ಹೇಳ್ಲಿಕ್ಕೆ ಬರುವುದಿಲ್ಲ. ನೀವೇ ಕೂತು ನೋಡಿ. ನನ್ನ ಮೇಲಿನ ಕನಿಕರಕ್ಕೆ ಬರಬೇಡಿ, ಇಲ್ಲಿ ಒಂಟಿ ಅಂತ ಬರಬೇಡಿ. ಆಗ್ತದೆ ಅಂತ ಕಂಡರೆ ಬನ್ನಿ. ಎಷ್ಟು ತಿಂಗಳಾದರೂ ನಾನು ಇರ್ತೇನೆ."

ಗಾರ್ಡ್ ಸೀಟಿ ಊದಿದ. ಹತ್ತುವ ಮೊದಲು ಅವಳು ಅವನ ಮುಂಗೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. ರೈಲು ಸೇತುವೆ ದಾಟಿ ಹೋದ ಎಷ್ಟೋ ಹೊತ್ತಿನ ಮೇಲೂ ಆ ಜಾಗ ಬೆಚ್ಚಗಿತ್ತು.

ಅವನು ಕೂತು ನೋಡಿದ. ಆತುರಪಡಲಿಲ್ಲ. ಕಾಗದಗಳು ಮತ್ತೆ ಶುರುವಾದವು. ಅವಳದರಲ್ಲಿ ಹೊಸ ಆಫೀಸು, ಕನ್ನಡದ ಫೈಲು, ಮೇಡಂ ಅವರ ಸಾರು. ಅವನು ಸುಶೀಲಳ ಬಗ್ಗೆ ಬರೆದ. ಅವಳು ಓದಿ ಇನ್ನಷ್ಟು ಕೇಳಿದಳು. ದಸರಾಕ್ಕೆ ಒಮ್ಮೆ, ಸಂಕ್ರಾಂತಿಗೆ ಒಮ್ಮೆ ಬೆಂಗಳೂರಿಗೆ ಹೋಗಿ ಬಂದ. ಎರಡನೆಯ ಸಲ ಮಲ್ಲೇಶ್ವರದ ಆ ಬೀದಿಯಲ್ಲಿ ಇಬ್ಬರೂ ಜೊತೆಗೆ ನಡೆದರು. ಹಸಿರು ಮನೆಯ ಮುಂದೆ ಅವಳು ಎರಡು ಹೆಜ್ಜೆ ಹಿಂದೆ ನಿಂತಳು. ಅವನು ಸಾಕಷ್ಟು ಹೊತ್ತು ನೋಡಿ, ತಿರುಗಿ, ಅವಳಿದ್ದಲ್ಲಿಗೆ ಬಂದ.

ಮರಳಿದ ಸೋಮವಾರವೇ ವರ್ಗದ ಅರ್ಜಿ ಕೊಟ್ಟ. ಸೂಪರಿಂಟೆಂಡೆಂಟ್ ಕನ್ನಡಕದ ಮೇಲಿಂದ ನೋಡಿ, "ಲಿಸ್ಟಿನ ಬುಡಕ್ಕೆ ಹೋಗ್ತೀಯ, ಗೊತ್ತೇನಯ್ಯ?" ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿದರು. ಗೊತ್ತು ಸರ್ ಎಂದ.

ಮಂಜೂರಾಗಲು ಏಳು ತಿಂಗಳು ಹಿಡಿಯಿತು. ಆರ್ಡರ್ ಕೈಗೆ ಬಂದ ದಿನ ಹರಿನಾರಾಯಣ ತಂತಿ ಆಫೀಸಿಗೆ ನಡೆದು ಹೋಗಿ, ಒಂದನೇ ತಾರೀಕಿಗೆ ಬಂದು ಸೇರುತ್ತೇನೆಂದು ಅವಳಿಗೆ ತಂತಿ ಕೊಟ್ಟ.

ಮರುದಿನ ಉತ್ತರ ಬಂತು. ಕೌಂಟರಿನ ಮುಂದೆ ಜನ ಕಾಯುತ್ತಿದ್ದರು. ಅವನು ನಿಂತಲ್ಲೇ ಒಡೆದು ಓದಿದ. ‘ಈ ಕೋಣೆ ಇಬ್ಬರಿಗೆ ಸಾಲದು. ಬೇರೆ ಮನೆ ನೋಡುತ್ತಿದ್ದೇನೆ.’